ಪೆಟ್ಟಿಗೆ ಸೀಳಿದ್ದೇಕೆ?

ಮಕ್ಕಳೇ, ನಮ್ಮ ಸಂಪನ್ಮೂಲ ಕೇಂದ್ರದಲ್ಲಿ ಒಂದು ಹಳೆಯ ಸೂಕ್ಷ್ಮದರ್ಶಕವಿದೆ. ಅದಕ್ಕೊಂದು ತೇಗದ ಪೆಟ್ಟಿಗೆ, ಪೆಟ್ಟಿಗೆಗೆ ಹಿತ್ತಾಳೆಯ ಹಿಡಿಕೆ. ಈ ಪೆಟ್ಟಿಗೆಯಲ್ಲಿ ಕುಳಿತೇ ಅದು ನನ್ನೊಂದಿಗೆ ಬಸ್ಸಿನಲ್ಲಿ ಹಳ್ಳಿ ಶಾಲೆಗಳಿಗೆ ಬರುತ್ತದೆ. ಈರುಳ್ಳಿ ಪೊರೆಯ ಜೀವಕೋಶಗಳನ್ನು ಎಷ್ಟೋ ಮಕ್ಕಳು ಮೊದಲು ನೋಡಿದ್ದು ಇದರಲ್ಲೇ.

ಒಂದು ಬೇಸಿಗೆಯಲ್ಲಿ ಪೆಟ್ಟಿಗೆಯ ಬಾಗಿಲು ಮೇಲಿನಿಂದ ಕೆಳಗಿನವರೆಗೆ ಸೀಳಿತು. ಸೀಳಿನಿಂದ ಧೂಳು ಒಳಗೆ ಬರತೊಡಗಿತು. ಧೂಳು ಕೂತ ಮಸೂರವನ್ನು ಒರೆಸಿದರೆ ಗೀರು ಬೀಳುತ್ತದೆ. ಪೆಟ್ಟಿಗೆ ಸರಿಯಾಗುವವರೆಗೆ ಸೂಕ್ಷ್ಮದರ್ಶಕದ ಪ್ರವಾಸ ನಿಂತಿತು. "ಗುಜರಿಗೆ ಹಾಕಿಬಿಡಿ" ಎಂದವರೂ ಇದ್ದರು. ನಾನು ಅದನ್ನು ಬಡಗಿಯೊಬ್ಬರ ಬಳಿ ಒಯ್ದೆ.

ಅವರು ಬಾಗಿಲಿನ ಒಳಬದಿ ತೋರಿಸಿದರು. "ನೋಡಿ ಮೇಷ್ಟ್ರೇ, ಹಲಗೆಯ ನಾರು ಮೇಲಿಂದ ಕೆಳಕ್ಕಿದೆ. ಯಾರೋ ಅಡ್ಡಪಟ್ಟಿ ಇಟ್ಟು ಸಾಲಾಗಿ ಮೊಳೆ ಹೊಡೆದಿದ್ದಾರೆ. ಮರ ಉಸಿರಾಡೋದು ಹೇಗೆ?"

ಅವರ ಮಾತಿನಲ್ಲಿ ವಿಜ್ಞಾನವಿತ್ತು. ಮರವೆಂದರೆ ಕೊಳವೆಯಂಥ ಉದ್ದನೆಯ ಕೋಶಗಳ ಕಟ್ಟು. ಕೋಶಗಳ ಗೋಡೆಗಳು ಗಾಳಿಯಲ್ಲಿರುವ ತೇವ ಹೀರಿ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಆದರೆ ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಅಲ್ಲ. ಹಸಿ ತೇಗ ಪೂರ್ತಿ ಒಣಗುವಾಗ ನಾರಿಗೆ ಅಡ್ಡಲಾಗಿ ಶೇಕಡಾ 5ರಷ್ಟು ಕುಗ್ಗಬಹುದು. ನಾರಿನ ಉದ್ದಕ್ಕೆ ಶೇಕಡಾ 1ರಷ್ಟೂ ಕುಗ್ಗದು. ಬೇಸಿಗೆಯಲ್ಲಿ ಹಲಗೆಯ ಅಗಲ ಕುಗ್ಗಲು ಹೊರಟಿತು. ಅಡ್ಡಪಟ್ಟಿಯ ಉದ್ದ ಬದಲಾಗಲಿಲ್ಲ. ಮೊಳೆಗಳು ಹಲಗೆಯನ್ನು ಬಿಡಲಿಲ್ಲ. ಈ ಎಳೆದಾಟದಲ್ಲಿ ಹಲಗೆ ಸೀಳಿತು.

ದುರಸ್ತಿ ಶುರುವಾಯಿತು. ಮೊಳೆಗಳನ್ನು ಕೀಳುತ್ತಿದ್ದಂತೆಯೇ ಸೀಳು ಕಿರಿದಾಯಿತು! ಅದರೊಳಗಿನ ಧೂಳು ತೆಗೆದು ಅಂಟು ತುಂಬಿದೆವು. ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿಯಾಗಿ ಸುತ್ತಿ ಒಂದು ರಾತ್ರಿ ಬಿಟ್ಟೆವು. ಮರುದಿನ ಬಡಗಿ ಅಡ್ಡಪಟ್ಟಿಯ ನಡುವೆ ಮಾತ್ರ ಒಂದು ಸ್ಕ್ರೂ ಬಿಗಿದರು. ಎರಡೂ ತುದಿಗಳ ರಂಧ್ರಗಳನ್ನು ಪಟ್ಟಿಯ ಉದ್ದಕ್ಕೆ ಹಿಗ್ಗಿಸಿ, ಸ್ಕ್ರೂಗಳು ಅತ್ತಿತ್ತ ಸರಿಯುವಂತೆ ಕೂರಿಸಿದರು. ಈಗ ಹಲಗೆ ಹಿಗ್ಗಬಹುದು, ಕುಗ್ಗಬಹುದು, ಆದರೆ ಡೊಂಕಾಗದು.

ಆಮೇಲೆ ಎರಡು ಮಳೆಗಾಲ, ಎರಡು ಬೇಸಿಗೆ ಕಳೆದಿವೆ. ಬಾಗಿಲು ಗಟ್ಟಿಯಾಗಿದೆ.

ನೀವೂ ಮಾಡಿ ನೋಡಿ: ನಿಮ್ಮ ಮನೆಯ ಅಥವಾ ಶಾಲೆಯ ಮರದ ಬಾಗಿಲನ್ನು ಮುಚ್ಚಿ. ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದಿಯಲ್ಲಿ ನೋಟ್‌ಬುಕ್ಕಿನ ಎಷ್ಟು ಹಾಳೆ ಹಿಡಿಸುತ್ತವೆ? ಮಾರ್ಚ್‌ನಲ್ಲಿ ಒಮ್ಮೆ, ಜುಲೈನಲ್ಲಿ ಒಮ್ಮೆ ಎಣಿಸಿ ಬರೆದಿಡಿ. ಎರಡು ಸಂಖ್ಯೆಗಳೂ ಒಂದೇ ಆಗಿವೆಯೇ?