ಸಾಣಾಪುರದ ಬಂಡೆ ಹುಡುಗರು

ಡಿಸೆಂಬರ್ ತಿಂಗಳ ಬೆಳಗು, ಆರು ಗಂಟೆ. ಟಿ.ಬಿ. ಡ್ಯಾಂನಲ್ಲಿ ಒಂದು ಚಾ ಕುಡಿದು ನೀವು ಬೈಕಿನ ಹಿಂದಿನ ಸೀಟು ಏರಿದ್ದೀರಿ. ನಿಮ್ಮ ಬೆನ್ನಿಗೆ ಪ್ಯಾಡ್ ಕಟ್ಟಿದ್ದಾರೆ. ಒಳಗೆಲ್ಲ ಫೋಮ್, ಮಡಚಿದ ಹಾಸಿಗೆಯಷ್ಟು ದಪ್ಪ. ಬೈಕ್ ವೇಗ ಹಿಡಿದಂತೆಲ್ಲ ಗಾಳಿ ಅದನ್ನು ಹಿಂದಕ್ಕೆ ಜಗ್ಗುತ್ತದೆ. ‘ಗಟ್ಟಿ ಹಿಡ್ಕೋರಿ ಅಣ್ಣ’ ಎನ್ನುತ್ತಾನೆ ಓಡಿಸುವ ಹುಡುಗ. ತುಂಗಭದ್ರಾ ನದಿ ದಾಟುವಾಗ ಎಡಕ್ಕೆ ಮಂಜಿನೊಳಗೆ ಅಣೆಕಟ್ಟಿನ 33 ಗೇಟುಗಳು. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋದ ರಾತ್ರಿಯ ಕತೆಯನ್ನು ಅವನು ಶುರು ಮಾಡುವಷ್ಟರಲ್ಲಿ ಮುನಿರಾಬಾದ್ ಬಂತು.

ಹುಲಿಗಿ, ಶಿವಪುರ ದಾಟಿದ ಮೇಲೆ ಗದ್ದೆಗಳ ನಡುವೆಯೇ ಬಂಡೆಗಳು ಏಳತೊಡಗುತ್ತವೆ. ಎಡದಂಡೆ ಕಾಲುವೆಯ ನೀರೂ ಇದೇ ದಿಕ್ಕಿಗೆ ಹೊರಟಿದೆ. ಫೋಟೊಗಳಲ್ಲಿ ನೀವು ನೋಡಿರುವ ಸಾಣಾಪುರ ಕೆರೆ ಆ ಕಾಲುವೆಯ ಸಮತೋಲನ ಜಲಾಶಯ, ನೀರು ಟಿ.ಬಿ. ಡ್ಯಾಂನದು. ಕಲ್ಲು ಮಾತ್ರ ತೀರಾ ಹಳೆಯದು. ಸುಮಾರು 250 ಕೋಟಿ ವರ್ಷ ಹಿಂದಿನ ಗ್ರಾನೈಟ್, ರಾಮನಗರದ ಬೆಟ್ಟಗಳ ಬಳಗದ್ದು. ನೆಲದೊಳಗಿದ್ದಾಗಲೇ ಬಿರುಕುಗಳಲ್ಲಿ ನೀರಿಳಿದು ಮೂಲೆಗಳು ಕರಗಿ ದುಂಡಗಾದವು. ಸುತ್ತಲಿನ ಮಣ್ಣು ತೊಳೆದುಹೋಗಿ ಗುಂಡುಗಳು ಉಳಿದವು.

ಕಟಾವು ಮುಗಿದ ಗದ್ದೆಯ ಬದುವಿನ ಮೇಲೆ ನಡೆದು ಒಂದು ಗುಂಡಿನ ಕೆಳಗೆ ನಿಲ್ಲುತ್ತೀರಿ. ಆಗಲೇ ಐದಾರು ಹುಡುಗರು ಅಲ್ಲಿದ್ದಾರೆ. ಒಬ್ಬನ ಬೆರಳುಗಳಿಗೆ ಬಿಳಿ ಟೇಪು. ಇನ್ನೊಬ್ಬ ಹಲ್ಲುಜ್ಜುವ ಬ್ರಷ್‌ನಿಂದ ಕಲ್ಲಿನ ಒಂದು ಅಂಚನ್ನು ತಿಕ್ಕುತ್ತಿದ್ದಾನೆ. ಆ ಅಂಚು ಬೆರಳಿನ ಮೊದಲ ಗೆಣ್ಣಿನಷ್ಟೂ ಅಗಲವಿಲ್ಲ. ಹಗ್ಗ ಇಲ್ಲ, ಕೊಕ್ಕೆ ಇಲ್ಲ. ಬಿಗಿಯಾದ ಶೂ, ಸೊಂಟದಲ್ಲಿ ಮೆಗ್ನೀಷಿಯಂ ಕಾರ್ಬೊನೇಟ್ ಪುಡಿಯ ಚೀಲ, ಬಿದ್ದರೆ ಕೆಳಗೆ ಪ್ಯಾಡ್. ಬೋಲ್ಡರಿಂಗ್ ಅಂದರೆ ಇಷ್ಟೇ. ಸೂರ್ಯ ನೆತ್ತಿಗೆ ಬಂದರೆ ಕೈ ಬೆವರಿ ಹಿಡಿತ ಜಾರುತ್ತದೆ, ಅದಕ್ಕೇ ಈ ಚಳಿಯ ಹೊತ್ತು.

ಟೇಪು ಸುತ್ತಿದವನು ನೆಲದಲ್ಲಿ ಕೂತೇ ಶುರು ಮಾಡುತ್ತಾನೆ. ಸೊಂಟ ಕಲ್ಲಿಗೆ ಅಂಟಿದೆ. ಎಡಗಾಲು ತುಸು ಉಬ್ಬಿದ ಹರಳೊಂದರ ಮೇಲಿದೆ. ‘ಬಲಗಾಲು ಮ್ಯಾಲಿಡಲೇ! ಉಸಿರು ಬಿಡು, ಉಸಿರು ಬಿಡು!’ ಕೆಳಗಿರುವವರು ಎರಡೂ ಕೈ ಚಾಚಿ ಅವನ ಬೆನ್ನಿಗೆ ನೇರವಾಗಿ ನಿಂತಿದ್ದಾರೆ. ಅಂಚಿನ ಮೇಲೆ ಅವನ ಉಗುರಿನ ಬುಡ ಬೆಳ್ಳಗಾಗುವುದು ನಿಮಗೆ ಕಾಣುತ್ತದೆ. ಮೇಲಿನ ತುದಿ ಸಿಕ್ಕಿತು ಅನ್ನುವಾಗ ದಬ್ಬೆಂದು ಬಿದ್ದ. ನಕ್ಕ. ಅಂಗೈ ನೋಡಿಕೊಂಡ, ಚರ್ಮ ಕಿತ್ತಿದೆ. ಮತ್ತೆ ಕೂತ.

ಆಟ ಹೊರಗಿನದು ನಿಜ. ಅಮೆರಿಕದ ಕ್ರಿಸ್ ಶರ್ಮಾ ಗೆಳೆಯರೊಂದಿಗೆ ಹಂಪಿ ಸುತ್ತಲಿನ ಈ ಸೀಮೆಯಲ್ಲಿ ಬಂಡೆ ಹತ್ತಿದ್ದನ್ನು ತೋರಿಸಿದ ‘ಪಿಲ್ಗ್ರಿಮೇಜ್’ ಚಿತ್ರ 2003ರಲ್ಲಿ ಬಂದಮೇಲೆ ಹಂಪಿ ಜಗತ್ತಿನ ಬೋಲ್ಡರಿಂಗ್ ನಕ್ಷೆಗೆ ಸೇರಿತು. ಚಳಿಗಾಲಕ್ಕೆ ಬರುತ್ತಿದ್ದ ವಿದೇಶಿಯರ ಠಿಕಾಣಿ ಆಗ ವಿರೂಪಾಪುರ ಗಡ್ಡೆಯಾಗಿತ್ತು. ಅವರ ಪ್ಯಾಡ್ ಹೊತ್ತ ಊರ ಹುಡುಗರು ನೋಡಿ ನೋಡಿ ಕಲಿತರು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಗಡ್ಡೆಯ ರೆಸಾರ್ಟುಗಳು ನೆಲಸಮವಾದವು. ಹಿಂದೆಯೇ ಕೋವಿಡ್. ಗಿರಾಕಿಗಳು ಹೋದರು, ಹತ್ತುವ ಹುಚ್ಚು ಉಳಿಯಿತು. ಚೀನಾದ ಯಾಂಗ್‌ಷುವೊದ ಸುಣ್ಣಕಲ್ಲು ಗುಡ್ಡಗಳಲ್ಲೂ ಹತ್ತುವ ಆಟ 1990ರ ದಶಕದಲ್ಲಿ ವಿದೇಶಿಯರಿಂದಲೇ ಶುರುವಾದದ್ದು. ಇವತ್ತು ಅಲ್ಲಿ ಹೊಸ ದಾರಿ ಹುಡುಕುವವರಲ್ಲಿ ಚೀನೀ ಯುವಕರಿದ್ದಾರೆ. ಆ ದೇಶಕ್ಕೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಸ್ಪೀಡ್ ಕ್ಲೈಂಬಿಂಗ್‌ನಲ್ಲಿ ಎರಡು ಬೆಳ್ಳಿ ಬಂತು. ಅದು ಗೋಡೆಯ ಮೇಲಿನ ಓಟ, ಬೇರೆಯದೇ ವಿದ್ಯೆ. ಇಲ್ಲಿನವರಿಗೆ ಗಡಿಯಾರದ ಹಂಗಿಲ್ಲ.

ದಾರಿ ಹುಡುಕುವುದರಲ್ಲೇ ಇವರ ಸೃಷ್ಟಿ ಇರುವುದು. ಇದನ್ನು ಬರೀ ಕಸರತ್ತು ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಸಾವಿರಾರು ಗುಂಡುಗಳಲ್ಲಿ ಒಂದನ್ನು ಆರಿಸಿ, ಎಲ್ಲಿ ಕೈ, ಎಲ್ಲಿ ಕಾಲು ಎಂದು ತಲೆಯಲ್ಲೇ ಜೋಡಿಸಿ, ಪಾಚಿ ಕೆರೆದು, ಮೊದಲು ಹತ್ತಿದವನು ಹೆಸರಿಡುತ್ತಾನೆ. ಹಳೆಯ ದಾರಿಗಳಲ್ಲಿ ಬಹಳಷ್ಟಕ್ಕೆ ಇಂಗ್ಲಿಷ್ ಹೆಸರು. ಈಗ ನೋಡಿ: ಟೇಪಿನ ಹುಡುಗ ಈ ಸಲ ತುದಿಗೆ ಎದೆ ಊರಿ, ಮೊಣಕೈ ತಿರುಗಿಸಿ ಮೇಲೆ ಎದ್ದುನಿಂತ. ಕೆಳಗಿನವರು ಒಮ್ಮೆಲೇ ಕೂಗು ಹಾಕಿದರು. ‘ಹೆಸರೇನಪ್ಪ?’ ‘ಒಗ್ಗಾಣಿ ಮಿರ್ಚಿ. ಹಸಿವಾಗೇತಿ.’ ನಿಮ್ಮ ಡಬ್ಬಿಯಲ್ಲಿದ್ದ ಒಗ್ಗಾಣಿ ಎರಡು ನಿಮಿಷಕ್ಕೆ ಖಾಲಿ.

ಹೊರಡುವ ಮುನ್ನ ಅವರು ಕಲ್ಲಿನ ಮೇಲಿನ ಬಿಳಿ ಗುರುತುಗಳನ್ನು ಬ್ರಷ್‌ನಿಂದ ಒರೆಸುತ್ತಾರೆ. ಹಂಪಿಯ ಸ್ಮಾರಕಗಳ ಸುತ್ತ ಹತ್ತುವ ಹಾಗಿಲ್ಲ, ಹತ್ತಲೂಬಾರದು. ಕತ್ತಲಾದ ಮೇಲೆ ಕಾಲುವೆ ದಂಡೆಯ ಕಡೆಗೂ ಇವರು ಯಾರನ್ನೂ ಕರೆದೊಯ್ಯುವುದಿಲ್ಲ. 2025ರ ಮಾರ್ಚ್‌ನಲ್ಲಿ ಅಲ್ಲಿ ಪ್ರವಾಸಿಗರ ಮೇಲೆ ನಡೆದ ಕ್ರೌರ್ಯವನ್ನು ಊರು ಮರೆತಿಲ್ಲ.

ಚಳಿಗಾಲದಲ್ಲಿ ಬರುವುದಾದರೆ ಊರಿನ ಹುಡುಗನೊಬ್ಬನನ್ನು ಜೊತೆಗೆ ಕರೆದುಕೊಳ್ಳಿ. ಪ್ಯಾಡ್ ಬಾಡಿಗೆಗೆ ಚೌಕಾಸಿ ಮಾಡಬೇಡಿ. ಬಂಡೆಯ ಮೇಲೆ ನಿಮ್ಮ ಹೆಸರು ಬರೆಯಬೇಡಿ.