ನಂದಿ ಬೆಟ್ಟದಲ್ಲಿ ನನ್ನ ಲೆಡ್ಜರು

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ಊರುಗಳಲ್ಲೇ ನನ್ನ ಸೇವೆಯ ಬಹುಪಾಲು ಕಳೆಯಿತು. ನಾಲ್ಕೂ ಕಡೆ ಸೈಕಲ್ಲೇ ನನ್ನ ವಾಹನ. ಚನ್ನಗಿರಿಯಲ್ಲಿ ಅಡಿಕೆ ತೋಟಗಳ ನೆರಳು, ಹೊನ್ನಾಳಿಯಲ್ಲಿ ತುಂಗಭದ್ರೆಯ ಮೇಲಿನ ತಂಗಾಳಿ. ನ್ಯಾಮತಿಯಲ್ಲಿದ್ದಾಗ ರಜೆಯ ದಿನ ತೀರ್ಥರಾಮೇಶ್ವರ ಬೆಟ್ಟಕ್ಕೆ ಹೊರಟರೆ ಅರ್ಧ ದಾರಿ ಸೈಕಲ್ ನನ್ನನ್ನು ಒಯ್ಯುತ್ತಿತ್ತು, ಇನ್ನರ್ಧ ದಾರಿ ನಾನು ಅದನ್ನು ತಳ್ಳುತ್ತಿದ್ದೆ. ಜಗಳೂರಿನ ಬಯಲಲ್ಲಿ ಎದುರುಗಾಳಿ ಬೀಸಿದರೆ ಸಪಾಟು ರಸ್ತೆಯೂ ಏರುದಾರಿಯೇ!

ಈಗ ನನಗೆ 74. ಮಂಡಿ ನೋವು. ಸೈಕಲ್ ಗೋಡೆಗೆ ಒರಗಿ ಧೂಳು ತಿನ್ನುತ್ತಿದೆ. ಬೇಸಿಗೆಯಲ್ಲಿ ಬೆಂಗಳೂರಿಗೆ ಮಗಳ ಮನೆಗೆ ಹೋದಾಗ ಮೊಮ್ಮಗಳು ಕೇಳಿದಳು: “ಅಜ್ಜ, ಭಾನುವಾರ ನಂದಿ ಬೆಟ್ಟದಲ್ಲಿ ನಮ್ಮ ಸೈಕಲ್ ರೇಸ್ ಇದೆ. ಕೆಲಸಕ್ಕೆ ಜನ ಸಾಲ್ತಿಲ್ಲ. ಬರ್ತೀಯಾ?”

“ಈ ಮಂಡಿ ಇಟ್ಕೊಂಡು ನಾನೇನು ಮಾಡ್ಲಿ ತಾಯಿ?”

“ಕೂತು ಲೆಕ್ಕ ಬರಿ. ಅದು ನಿಂಗೆ ಬರುತ್ತಲ್ಲ!”

ನಸುಕಿನಲ್ಲೇ ಹೊರಟೆವು. ನಂದಿ ಬೆಟ್ಟದ ಎತ್ತರ 1,478 ಮೀಟರ್. ಬುಡದ ನಂದಿ ಗ್ರಾಮದಲ್ಲಿ ಭೋಗನಂದೀಶ್ವರ ದೇವಾಲಯ, ಮೇಲೆ ಟಿಪ್ಪುವಿನ ಬೇಸಿಗೆ ಅರಮನೆ. ಅರ್ಕಾವತಿ ನದಿ ಹುಟ್ಟುವುದೂ ಇಲ್ಲೇ. 1986ರಲ್ಲಿ ಸಾರ್ಕ್ ದೇಶಗಳ ನಾಯಕರು ಬೆಂಗಳೂರಿನ ಸಭೆಗೆ ಬಂದಾಗ ಈ ಬೆಟ್ಟಕ್ಕೂ ಬಂದಿದ್ದರು. ಇಲ್ಲಿನ ಅಂಕುಡೊಂಕಿನ ದಾರಿಯನ್ನು ನಮ್ಮ ಹುಡುಗರು ಪೆಡಲ್ ತುಳಿದು ಹತ್ತುತ್ತಾರೆ.

ಇಂಥ ಸ್ಪರ್ಧೆ ಹೊಸದೇನಲ್ಲ. ಇಂಗ್ಲೆಂಡಿನ ಕ್ಯಾಟ್‌ಫರ್ಡ್ ಕ್ಲಬ್ಬಿನವರು 1887ರಲ್ಲೇ ಬೆಟ್ಟ ಹತ್ತುವ ಸೈಕಲ್ ಪಂದ್ಯ ಶುರು ಮಾಡಿದ್ದರು. ಇದರಲ್ಲಿ ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ. ನಿಮಿಷಕ್ಕೊಬ್ಬರು. ನಮ್ಮಲ್ಲಿ 1ನೇ ನಂಬರಿನವನು 6 ಗಂಟೆ 1 ನಿಮಿಷಕ್ಕೆ, 14ನೆಯವನು 6:14ಕ್ಕೆ. ಒಬ್ಬರು ಹಿಂದಿನಿಂದ ಸೀಟು ಹಿಡಿದು ನಿಲ್ಲುತ್ತಾರೆ, ಇನ್ನೊಬ್ಬರು “ಐದು, ನಾಲ್ಕು, ಮೂರು...” ಎಣಿಸುತ್ತಾರೆ. ಮೇಲೆ ಮುಟ್ಟಿದ ಹೊತ್ತಿನಿಂದ ಹೊರಟ ಹೊತ್ತು ಕಳೆದರೆ ಅವರವರ ಸಮಯ ಸಿಕ್ಕಿತು. ಕೆಳಗಿನ ಗಡಿಯಾರಕ್ಕೂ ಮೇಲಿನ ಗಡಿಯಾರಕ್ಕೂ ಒಂದು ಸೆಕೆಂಡೂ ವ್ಯತ್ಯಾಸ ಇರಬಾರದು ಅಷ್ಟೆ.

ನೋಡುವವರಿಗೆ ಕಾಣುವುದು ಸವಾರರು ಮಾತ್ರ. ಮಕ್ಕಳೇ, ಅವರ ಹಿಂದೆ ಎಷ್ಟು ಜನ ಗೊತ್ತೇ? ತಿರುವುಗಳಲ್ಲಿ ಸೀಟಿ, ಬಾವುಟ ಹಿಡಿದವರು, ನೀರು, ಬಾಳೆಹಣ್ಣು ಕೊಡುವವರು, ಸೂರ್ಯೋದಯ ನೋಡಲು ಬರುವ ಕಾರಿನವರಿಗೆ ನಿಧಾನಕ್ಕೆ ಹೋಗಿ ಎಂದು ಕೈಮುಗಿಯುವವರು. ಕೊನೆಯಲ್ಲೊಂದು ವ್ಯಾನು, ಸುಸ್ತಾದವರನ್ನು ಹತ್ತಿಸಿಕೊಳ್ಳಲು. ಫ್ರಾನ್ಸಿನ ಟೂರ್ ಡಿ ಫ್ರಾನ್ಸ್‌ನಲ್ಲಿ 1910ರಿಂದ ಇರುವ ಇಂಥ ಗಾಡಿಗೆ ‘ಪೊರಕೆ ಗಾಡಿ’ ಎಂದೇ ಹೆಸರು. ಹಿಂದೆ ಉಳಿದವರನ್ನು ಗುಡಿಸಿಕೊಂಡು ಬರುತ್ತದಲ್ಲ, ಅದಕ್ಕೆ!

52 ಜನರನ್ನು ಬರೆದುಕೊಂಡು, ಕೊನೆಯವರು ಹೊರಟ ಮೇಲೆ ನಾನೂ ಕಾರಿನಲ್ಲಿ ಮೇಲೆ ಹೋದೆ. ಎಲ್ಲ ಮುಗಿಯಿತು ಎಂದು ಹುಡುಗರು ಬ್ಯಾನರು ಬಿಚ್ಚುತ್ತಿದ್ದರು. ಮುಟ್ಟಿದವರ ಪಟ್ಟಿಯಲ್ಲೂ ಸರಿಯಾಗಿ 52 ಸಾಲು. ಆದರೂ ಅಭ್ಯಾಸಬಲ, ಒಂದೊಂದೇ ನಂಬರಿಗೆ ಟಿಕ್ ಹಾಕುತ್ತಾ ಬಂದೆ. 41 ಎರಡು ಸಲ ಇತ್ತು. 14 ಇರಲೇ ಇಲ್ಲ.

“ಅಂಕಿ ತಿರುವುಮುರುವಾಗಿದೆ ಅಜ್ಜ, ಒಂದನ್ನು 14 ಅಂತ ತಿದ್ದಿಬಿಡಿ” ಎಂದ ಒಬ್ಬ ಹುಡುಗ.

ಜಗಳೂರಿನ ಒಂದು ಸಂಜೆ ನೆನಪಾಯಿತು. ಕ್ಯಾಷಿನಲ್ಲಿ 27 ರೂಪಾಯಿ ತಾಳೆಯಾಗದೆ ಕೂತಿದ್ದೆ. ಹಿರಿಯ ಕ್ಯಾಷಿಯರು, “ಒಂಬತ್ತರಿಂದ ಭಾಗಿಸಿ ನೋಡು. ಶೇಷ ಉಳಿಯದಿದ್ದರೆ ಅಂಕಿ ಅದಲುಬದಲಾಗಿರಬಹುದು. ಆದರೆ ವೋಚರ್ ನೋಡದೆ ತಿದ್ದಬೇಡ” ಎಂದಿದ್ದರು. 58 ಅನ್ನು 85 ಎಂದು ಬರೆದಿದ್ದೆ. ಎರಡಂಕಿಯ ಯಾವ ಸಂಖ್ಯೆಯನ್ನಾದರೂ ತಿರುಗಿಸಿ ಕಳೆಯಿರಿ ಮಕ್ಕಳೇ, ಉತ್ತರ ಒಂಬತ್ತರ ಮಗ್ಗಿಯಲ್ಲೇ ಬರುತ್ತದೆ.

ಇಲ್ಲಿ ವೋಚರ್ ಎಂದರೆ ಆ ಸವಾರನೇ. 41ರ ಎರಡು ಸಾಲುಗಳಲ್ಲಿ ಒಂದು 7:13, ಇನ್ನೊಂದು 7:14. ಅದು 14ನೆಯವನದಾದರೆ ಅವನಿಗೆ ಒಂದು ಗಂಟೆ ಹಿಡಿದಂತಾಯಿತು. ಬಾಣದಂತೆ ಹೊರಟಿದ್ದ ಆ ಹುಡುಗನಿಗೆ ಒಂದು ಗಂಟೆಯೇ? “14 ಯಾರಪ್ಪಾ?” ಎಂದು ಕೂಗಿಸಿದೆ. ಯಾರೂ ಓಗೊಡಲಿಲ್ಲ. ಅವನನ್ನು ಕಣ್ಣಾರೆ ನೋಡುವ ತನಕ ಲೆಕ್ಕ ಮುಚ್ಚಲು ಬಿಡೆನೆಂದು ಕೂತುಬಿಟ್ಟೆ.

ಫೋನು ಓಡಾಡಿದವು. ಕೆಳಗಿನ ತಿರುವಿನವರು ಅವನನ್ನು ಕಂಡಿದ್ದರು, ಮೇಲಿನವರು ಕಂಡಿರಲಿಲ್ಲ. ನಡುವೆ ಹುಡುಕಿದಾಗ ರಸ್ತೆಯಂಚಿನ ಬಂಡೆಯ ಹಿಂದೆ, ಸೈಕಲ್ ಪಕ್ಕದಲ್ಲಿ, ಬಿಳುಚಿಕೊಂಡು ಮಲಗಿದ್ದ. ಬೆಳಗ್ಗೆ ಏನೂ ತಿಂದಿರಲಿಲ್ಲವಂತೆ. ವಾಂತಿ ಬಂತೆಂದು ಮರೆಗೆ ಹೋದವನು ಮತ್ತೆ ಏಳಲಾಗಿರಲಿಲ್ಲ. ವ್ಯಾನು ಕಾಣದೆ ದಾಟಿಹೋಗಿತ್ತು. ಎಚ್ಚರವಿತ್ತು, ಸಕ್ಕರೆ ಉಪ್ಪು ಬೆರೆಸಿದ ನೀರು ಗುಟುಕು ಗುಟುಕಾಗಿ ಕುಡಿಸಿದರು. ಜೊತೆಯಲ್ಲಿದ್ದ ವೈದ್ಯರು ನೋಡಿ, ಭಯವಿಲ್ಲ ಎಂದರು. 41 ಎರಡು ಸಲ ಬಂದದ್ದು ಇಬ್ಬರು ಹುಡುಗರು ಒಬ್ಬನನ್ನೇ ಬರೆದುಕೊಂಡದ್ದರಿಂದ.

ಅವನು ನನ್ನ ಹತ್ತಿರ ಬಂದು, “ಅಜ್ಜ, ನನ್ನ ಸಮಯ ಎಷ್ಟು?” ಎಂದ.

“ಬರೆದಿಲ್ಲ ಕಣೋ. ಮುಂದಿನ ವರ್ಷ ಇಡ್ಲಿ ತಿಂದ್ಕೊಂಡು ಬಾ, ಬರೀತೀನಿ” ಎಂದೆ.

14ರ ಮುಂದೆ ‘ಮುಗಿಸಲಿಲ್ಲ, ಕ್ಷೇಮ’ ಎಂದು ಬರೆದು, ಕೆಳಗೆ ಗೆರೆ ಎಳೆದು ಸಹಿ ಹಾಕಿದೆ. 51 ಮತ್ತು 1, ಒಟ್ಟು 52. ತಾಳೆಯಾಯಿತು.

ಊರಿಗೆ ಬಂದವನೇ ಸೈಕಲ್ಲಿನ ಧೂಳು ಒರೆಸಿ, ಗಾಳಿ ತುಂಬಿಸಿದ್ದೇನೆ. ಬೆಟ್ಟಕ್ಕಲ್ಲ, ಹಾಲಿನ ಅಂಗಡಿಯವರೆಗೆ.