ಏಳು ಗುಡ್ಡದ ಊರಲ್ಲಿ ಬಾಡಿಗೆ ಮನೆ

ಪ್ಲೊವ್‌ದಿವ್ ಬಲ್ಗೇರಿಯದ ಎರಡನೆಯ ದೊಡ್ಡ ನಗರ. ರಾಜಧಾನಿ ಸೋಫಿಯಾದಿಂದ ಆಗ್ನೇಯಕ್ಕೆ ಸುಮಾರು 150 ಕಿಲೋಮೀಟರು. ಊರಿನ ನಡುವೆ ಮರಿತ್ಸ ನದಿ, ದಕ್ಷಿಣಕ್ಕೆ ರೊದೊಪಿ ಬೆಟ್ಟಸಾಲು, ಸುತ್ತ ದ್ರಾಕ್ಷಿ, ಟೊಮ್ಯಾಟೊ, ತಂಬಾಕು ಬೆಳೆಯುವ ಬಯಲು. ಇಂದಿನ ಬೆಲ್‌ಗ್ರೇಡಿನಿಂದ ಇಸ್ತಾಂಬುಲ್‌ವರೆಗೆ ರೋಮನ್ನರು ಹಾಕಿದ್ದ ದಂಡಿನ ದಾರಿ ಈ ಬಯಲನ್ನೇ ಸೀಳಿಕೊಂಡು ಹೋಗುತ್ತಿತ್ತು. ಹೆದ್ದಾರಿಯ ಬದಿಯ ಊರೆಂದರೆ ಬಂದವರೆಲ್ಲ ತಮಗೆ ತೋಚಿದ ಹೆಸರು ಇಟ್ಟುಬಿಡುತ್ತಾರೆ. ಥ್ರೇಸಿಯನ್ನರ ಬಾಯಲ್ಲಿ ಇದು ಪುಲ್ಪುದೇವ. ಅಲೆಕ್ಸಾಂಡರನ ಅಪ್ಪ ಎರಡನೆಯ ಫಿಲಿಪ್ ಕ್ರಿ.ಪೂ. 4ನೆಯ ಶತಮಾನದಲ್ಲಿ ಗೆದ್ದಾಗ ಫಿಲಿಪೊಪೊಲಿಸ್. ರೋಮನ್ನರಿಗೆ ಟ್ರಿಮಾಂಟಿಯಂ, ಅಂದರೆ ಮೂರು ಗುಡ್ಡದೂರು. ತುರ್ಕರ ಕಾಲದಲ್ಲಿ ಫಿಲಿಬೆ. ಈಗ ಪ್ಲೊವ್‌ದಿವ್.

ಮೂರು ಗುಡ್ಡ ಎಂಬುದು ರೋಮನ್ನರ ಲೆಕ್ಕ. ಊರವರ ಲೆಕ್ಕದಲ್ಲಿ ಏಳು. ಎಣಿಸಲು ಹೋದರೆ ಸಿಗುವುದು ಆರೇ. ಏಳನೆಯದಾದ ಮಾರ್ಕೊವೊ ತೆಪೆಯನ್ನು ಕಳೆದ ಶತಮಾನದ ಆರಂಭದಲ್ಲಿ ಕಲ್ಲಿಗಾಗಿ ಒಡೆಯುತ್ತ ಒಡೆಯುತ್ತ ನೆಲಸಮ ಮಾಡಿದರು. ‘ತೆಪೆ’ ಎಂದರೆ ತುರ್ಕಿ ಭಾಷೆಯಲ್ಲಿ ಗುಡ್ಡ. ಈ ಗುಡ್ಡಗಳ ಕಲ್ಲು ಸಯನೈಟ್, ಗ್ರಾನೈಟಿನ ಹತ್ತಿರದ ನೆಂಟ. ಊರಿನ ಬೀದಿಗಳಿಗೆ ಹಾಸಿದ್ದು ಅದೇ ಕಲ್ಲನ್ನು. ಹಾಗಾಗಿ ಏಳನೆಯ ಗುಡ್ಡ ಕಾಣೆಯಾಗಿಲ್ಲ, ಮಲಗಿದೆ. ಅದು ನಿಂತಿದ್ದ ಜಾಗದಲ್ಲಿ ಈಗ ಅದೇ ಹೆಸರಿನ ಶಾಪಿಂಗ್ ಮಾಲ್ ಇದೆ. ಲ್ಯಾಪ್‌ಟಾಪಿನ ಚೀಲವನ್ನು ಗಾಲಿಪೆಟ್ಟಿಗೆಯ ಮೇಲೆ ಕೂರಿಸಿಕೊಂಡು ಬಂದಿಳಿಯುವ ಹೊಸಬರಿಗೆ ಊರಿನ ಇತಿಹಾಸ ಮೊದಲು ತಾಗುವುದು ಈ ಕಲ್ಲಿನಲ್ಲಿಯೇ. ಹಳೆಯ ಪೇಟೆಯ ಏರಿನಲ್ಲಿ ಉಬ್ಬುತಗ್ಗಿನ, ನುಣುಪಾದ ಗುಂಡುಗಳ ಮೇಲೆ ಗಾಲಿಗಳು ಕಟಕಟ ಎನ್ನುತ್ತವೆ, ಒಂದು ಗಾಲಿ ಸಂದಿಗೆ ಸಿಕ್ಕಿಕೊಳ್ಳುತ್ತದೆ, ಕೊನೆಗೆ ಪೆಟ್ಟಿಗೆಯನ್ನು ಕೈಯಲ್ಲೇ ಎತ್ತಿಕೊಳ್ಳಬೇಕಾಗುತ್ತದೆ. ಮಳೆ ಬಂದಿದ್ದರೆ ಚಪ್ಪಲಿಯ ನಂಬಿಕೆಯೂ ಇಲ್ಲ.

ಹಳತು ಇಲ್ಲಿ ಬೇಲಿಯೊಳಗೆ ಕೂತಿಲ್ಲ. ದಿನನಿತ್ಯದ ಕಾಲಡಿಯಲ್ಲಿದೆ. ಮುಖ್ಯ ಪೇಟೆಬೀದಿಯ ಕೆಳಗೆ ಎರಡನೆಯ ಶತಮಾನದ ರೋಮನ್ ಕ್ರೀಡಾಂಗಣ ಹುದುಗಿದೆ. ಉದ್ದ ಸುಮಾರು 240 ಮೀಟರು, ಕೂರುತ್ತಿದ್ದವರು 30,000 ಮಂದಿ. ಅದರ ಉತ್ತರದ ಬಾಗಿದ ತುದಿ ಮಾತ್ರ ಜುಮಾಯಾ ಮಸೀದಿಯ ಎದುರು ಬಯಲಿಗೆ ಬಂದಿದೆ. ಉಳಿದದ್ದರ ಮೇಲೆ ಅಂಗಡಿಸಾಲು ನಿಂತಿದೆ. ಒಂದು ಬಟ್ಟೆ ಅಂಗಡಿಯ ನೆಲಮಾಳಿಗೆಗೆ ಇಳಿದರೆ ಹ್ಯಾಂಗರುಗಳ ಪಕ್ಕದಲ್ಲೇ ಅಮೃತಶಿಲೆಯ ಮೆಟ್ಟಿಲಾಸನ ಕಾಣುತ್ತದೆ. ಗುಡ್ಡದ ಮೇಲಿನ ರಂಗಮಂದಿರದ ಕತೆಯೇ ಬೇರೆ. ಒಂದನೆಯ ಶತಮಾನದ ಆ ಕಟ್ಟಡ ಮಣ್ಣಿನೊಳಗೆ ಮರೆತುಹೋಗಿತ್ತು. 1970ರ ದಶಕದ ಆರಂಭದಲ್ಲಿ ಗುಡ್ಡ ಜರಿದಾಗ ಮತ್ತೆ ತಲೆಯೆತ್ತಿತು. ಈಗ ಬೇಸಿಗೆಯಲ್ಲಿ ಅಲ್ಲಿ ಒಪೆರಾ ನಡೆಯುತ್ತದೆ, ಅದರ ಕೆಳಗಿನ ಸುರಂಗದಲ್ಲಿ ಕಾರುಗಳು ಓಡುತ್ತವೆ. ಅಲ್ಲಿನ ಆಸನಗಳ ಮೇಲೆ ಗ್ರೀಕ್ ಅಕ್ಷರ ಕೆತ್ತಿರುವುದನ್ನು ಬಗ್ಗಿ ನೋಡಬೇಕು. ಯಾವ ಕುಲದವರಿಗೆ ಯಾವ ಸಾಲು ಎಂಬುದರ ಗುರುತು ಅದು. ಕೋ-ವರ್ಕಿಂಗ್ ಕೋಣೆಯಲ್ಲಿ ಕಿಟಕಿ ಪಕ್ಕದ ಮೇಜಿಗೆ ‘ಕಾದಿರಿಸಲಾಗಿದೆ’ ಎಂಬ ಚೀಟಿ ಅಂಟಿಸುವವರಿಗೆ ಇಷ್ಟು ಹಳೆಯ ಪೂರ್ವಜರಿದ್ದಾರೆಂದು ಗೊತ್ತಿರಲಿಕ್ಕಿಲ್ಲ.

ಇಂಥ ಊರು ಯಾಕೆ ಅಗ್ಗ? ದೂರದಿಂದ ದುಡಿಯುವವರಿಗಾಗಿ ಅಗ್ಗದ ಊರುಗಳ ಪಟ್ಟಿ ಮಾಡುವವರು ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಕೇಳುವುದಿಲ್ಲ, ಬಾಡಿಗೆ ಎಷ್ಟು, ಕಾಫಿ ಎಷ್ಟು ಎಂದು ಬರೆದು ಮುಗಿಸುತ್ತಾರೆ. ಉತ್ತರ ಅಪಾರ್ಟ್‌ಮೆಂಟಿನ ಬಾಗಿಲಿನ ಮೇಲೆಯೇ ಅಂಟಿಕೊಂಡಿದೆ. ಬಲ್ಗೇರಿಯದಲ್ಲಿ ಮನೆಯವರು ತೀರಿಕೊಂಡರೆ ಫೋಟೋ ಸಮೇತ ಒಂದು ಹಾಳೆಯ ಶ್ರದ್ಧಾಂಜಲಿ ಅಚ್ಚು ಹಾಕಿಸಿ ಕಟ್ಟಡದ ಬಾಗಿಲಿಗೆ, ಬಸ್ ನಿಲ್ದಾಣಕ್ಕೆ, ಮರಕ್ಕೆ ಅಂಟಿಸುವ ಪದ್ಧತಿ ಇದೆ. ‘ನೆಕ್ರೊಲೋಗ್’ ಎನ್ನುತ್ತಾರೆ. ನಲವತ್ತನೆಯ ದಿನಕ್ಕೆ ಒಂದು, ವರ್ಷಕ್ಕೆ ಒಂದು. ಮಳೆಗೆ ನೆನೆದು ಬಿಸಿಲಿಗೆ ಹಳದಿಯಾದ ಈ ಮುಖಗಳಲ್ಲಿ ಹೆಚ್ಚಿನವು ಮುದುಕರದು. ಮಕ್ಕಳು ಎಲ್ಲಿ ಎಂದರೆ ಜರ್ಮನಿಯಲ್ಲಿ, ಸ್ಪೇನಿನಲ್ಲಿ, ಇಂಗ್ಲೆಂಡಿನಲ್ಲಿ. 1980ರ ದಶಕದ ಕೊನೆಗೆ ಹತ್ತಿರಹತ್ತಿರ 90 ಲಕ್ಷ ಇದ್ದ ದೇಶದ ಜನಸಂಖ್ಯೆ 2021ರ ಗಣತಿಯ ಹೊತ್ತಿಗೆ 65 ಲಕ್ಷದ ಆಸುಪಾಸಿಗೆ ಇಳಿದಿತ್ತು. ಯೂರೋಪಿಯನ್ ಒಕ್ಕೂಟಕ್ಕೆ 2007ರಲ್ಲಿ ಸೇರಿದರೂ ಸಂಬಳದಲ್ಲಿ ಅದು ಒಕ್ಕೂಟದ ಕೆಳಸಾಲಿನಲ್ಲೇ ಉಳಿಯಿತು. ಊರಿನ ದಾದಿ, ಮೇಷ್ಟ್ರು, ಬಸ್ ಚಾಲಕರ ಸಂಬಳಕ್ಕೆ ಹೊಂದಿಕೊಂಡು ನಿಂತ ಬೆಲೆ ಹೊರಗಿನ ಸಂಬಳದವರಿಗೆ ಅಗ್ಗವಾಗಿ ಕಾಣುತ್ತದೆ. ಹೊರಗಿನ ಸಂಬಳ ಎಂದಾಗಲೂ ಯಾವ ಹೊರಗು ಎಂದು ಕೇಳಬೇಕು. ಲಂಡನ್ನಿನಿಂದ ಪೌಂಡು ಬರುವವರಿಗೆ ಪ್ಲೊವ್‌ದಿವ್ ಧಾರಾಳ. ಬೆಂಗಳೂರಿನಿಂದ ರೂಪಾಯಿ ಬರುವವರಿಗೆ ತರಕಾರಿ ಅಂಗಡಿಯಲ್ಲೇ ಆ ಭ್ರಮೆ ಕರಗುತ್ತದೆ.

2026ರ ಜನವರಿ 1ರಂದು ಬಲ್ಗೇರಿಯ ಯೂರೋಗೆ ಬದಲಾಯಿತು. ಅಲ್ಲಿಯವರೆಗಿನ ನಾಣ್ಯ ‘ಲೆವ್’. ಒಂದು ಯೂರೋಗೆ 1.95583 ಲೆವ್ ಎಂಬ ದರ ವರ್ಷಾನುಗಟ್ಟಲೆಯಿಂದ ಕಟ್ಟಿಟ್ಟದ್ದೇ ಆದ್ದರಿಂದ ಲೆಕ್ಕದಲ್ಲಿ ಏನೂ ಬದಲಾಗಲಿಲ್ಲ, ಮನಸ್ಸಿನಲ್ಲಿ ಆಯಿತು. ಅಂಗಡಿಯವರು ಬೆಲೆಯನ್ನು ಎರಡೂ ನಾಣ್ಯದಲ್ಲಿ ಬರೆಯಬೇಕೆಂಬ ನಿಯಮ ಬಂತು. ಹಿರಿಯರು ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಲೆವ್‌ನ ಅಂಕಿಯನ್ನೇ ಹುಡುಕುತ್ತಿದ್ದರು. ಬಾಡಿಗೆಯನ್ನು ಮಾತ್ರ ಮನೆಮಾಲೀಕರು ಮೊದಲಿನಿಂದಲೂ ಯೂರೋದಲ್ಲೇ ಹೇಳುತ್ತಿದ್ದರು.

ಹಳೆಯ ಪೇಟೆಯಲ್ಲಿ ವಾಸಿಸುವ ಆಸೆಯನ್ನು ಹೊಸಬರು ಮೊದಲ ವಾರವೇ ಬಿಡುತ್ತಾರೆ. ಮೇಲಂತಸ್ತು ಬೀದಿಗೆ ಚಾಚಿಕೊಂಡ, ನೀಲಿ, ಕಾವಿ, ಹಳದಿ ಬಳಿದ 19ನೆಯ ಶತಮಾನದ ವ್ಯಾಪಾರಿಗಳ ಮನೆಗಳಲ್ಲಿ ಅನೇಕವು ಈಗ ವಸ್ತುಸಂಗ್ರಹಾಲಯ, ಗ್ಯಾಲರಿ. 1847ರಲ್ಲಿ ಕಟ್ಟಿದ ಕುಯುಮ್‌ಜಿಯೋಗ್ಲು ಮನೆ ಜನಪದ ವಸ್ತುಸಂಗ್ರಹಾಲಯವಾಗಿದೆ. ಹಿಂದ್ಲಿಯನ್ ಮನೆ ಎಂಬ ಇನ್ನೊಂದನ್ನು ಕಟ್ಟಿಸಿದ ಅರ್ಮೇನಿಯನ್ ವರ್ತಕ ಭಾರತದೊಂದಿಗೆ ವ್ಯಾಪಾರ ಮಾಡುತ್ತಿದ್ದ. ಅಡ್ಡಹೆಸರಿನಲ್ಲಿ ‘ಹಿಂದ್’ ಸೇರಿಕೊಂಡದ್ದು ಹಾಗೆ. ಅವನ ಮನೆಯೊಳಗೆ ಪನ್ನೀರು ಚಿಮ್ಮುವ ಗೋಡೆ ಕಾರಂಜಿ ಇತ್ತು. ಬಾಡಿಗೆಗೆ ಬಂದವರಿಗೆ ಸಿಗುವುದು ಅದಲ್ಲ, ‘ಪನೆಲ್ಕ’. ಕಾರ್ಖಾನೆಯಲ್ಲಿ ಎರಕ ಹೊಯ್ದ ಕಾಂಕ್ರೀಟ್ ಹಲಗೆಗಳನ್ನು ಜೋಡಿಸಿ ಸಮಾಜವಾದಿ ಸರ್ಕಾರ ಸಾಲುಸಾಲಾಗಿ ನಿಲ್ಲಿಸಿದ ಎಂಟು ಹತ್ತು ಮಹಡಿಯ ಕಟ್ಟಡಗಳಿವು. ಪೂರ್ವದ ತ್ರಾಕಿಯಾ ಬಡಾವಣೆ ಪೂರ್ತಿ ಇಂಥದ್ದೇ. ನದಿಯ ಉತ್ತರಕ್ಕೆ ಕರ್ಶಿಯಾಕ, ಅಂದರೆ ಆಚೆ ದಡ. ರೈಲು ಹಳಿಯ ದಕ್ಷಿಣಕ್ಕೆ ಕ್ಯುಚುಕ್ ಪರೀಜ್, ಅಂದರೆ ಚಿಕ್ಕ ಪ್ಯಾರಿಸ್. ಪ್ಯಾರಿಸ್ಸಿನ ಹುಡುಕಾಟದಲ್ಲಿ ಅಲ್ಲಿಗೆ ಹೋಗಬಾರದು.

ಪನೆಲ್ಕದ ಹೊರಗೋಡೆ ನೋಡುವ ಹಾಗಿರುತ್ತದೆ. ಚಳಿ ತಡೆಯುವ ಥರ್ಮೋಕೋಲ್ ಹೊದಿಕೆಯನ್ನು ಅವರವರ ಮನೆಯವರು ಅವರವರ ಗೋಡೆಗಷ್ಟೇ ಹಾಕಿಸಿಕೊಂಡಿರುತ್ತಾರೆ. ನಾಲ್ಕನೆಯ ಮಹಡಿಯಲ್ಲಿ ಒಂದು ಚೌಕ ಹಸಿರು, ಆರನೆಯದರಲ್ಲಿ ಒಂದು ಕಿತ್ತಳೆ, ನಡುವೆ ಬೂದು ಸಿಮೆಂಟು. ಕೌದಿಯನ್ನು ನೆಟ್ಟಗೆ ನಿಲ್ಲಿಸಿದಂತೆ. ಈ ದೇಶದಲ್ಲಿ ಮನೆ ಹೆಚ್ಚಾಗಿ ವಾಸವಿರುವವರ ಸ್ವಂತದ್ದೇ ಆದ್ದರಿಂದ ಇಡೀ ಕಟ್ಟಡಕ್ಕೆ ಒಂದೇ ತೀರ್ಮಾನ ಮಾಡಿಸುವುದು ಕಷ್ಟ. ಮೆಟ್ಟಿಲಿನ ದೀಪ, ಲಿಫ್ಟು, ಗುಡಿಸುವ ಖರ್ಚಿಗೆ ತಿಂಗಳು ತಿಂಗಳು ಹಣ ಕೂಡಿಸುವ ‘ದೊಮೊಉಪ್ರವಿತೆಲ್’ ಒಬ್ಬರಿರುತ್ತಾರೆ. ಬಾಕಿದಾರರ ಪಟ್ಟಿಯನ್ನು ಬಾಗಿಲ ಹತ್ತಿರವೇ ತೂಗುಹಾಕುವುದರಲ್ಲಿ ಅವರಿಗೆ ಸಂಕೋಚ ಇಲ್ಲ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಎಣಿಸಿ ಬಂದವರಿಗೆ ಒಂದು ಸಮಾಧಾನವೂ ಇದೆ: ಇಲ್ಲಿ ಸಾಮಾನ್ಯವಾಗಿ ಕೇಳುವುದು ಒಂದು ತಿಂಗಳ ಬಾಡಿಗೆಯಷ್ಟು ಠೇವಣಿ.

ದೂರದ ಕೆಲಸಕ್ಕೆ ಬೇಕಾದದ್ದರಲ್ಲಿ ಇಂಟರ್ನೆಟ್ಟಿಗೆ ಇಲ್ಲಿ ಕೊರತೆಯಿಲ್ಲ. 2000ದ ಸುಮಾರಿಗೆ ಓಣಿಯ ಹುಡುಗರು ಕಟ್ಟಡದಿಂದ ಕಟ್ಟಡಕ್ಕೆ ವೈರು ಎಳೆದು ಕಟ್ಟಿಕೊಂಡ ಸಣ್ಣ ಸಣ್ಣ ಜಾಲಗಳು ಪೈಪೋಟಿಯಲ್ಲಿ ಬೆಳೆದು, ಒಂದನ್ನೊಂದು ನುಂಗಿ, ಇಂದಿನ ವೇಗದ, ಅಗ್ಗದ ಸಂಪರ್ಕಕ್ಕೆ ತಳಹದಿಯಾದವು. ಗಡಿಯಾರದ ಲೆಕ್ಕ ಸ್ವಲ್ಪ ಗಮನ ಬೇಡುತ್ತದೆ. ಚಳಿಗಾಲದಲ್ಲಿ ಭಾರತ ಮೂರೂವರೆ ಗಂಟೆ ಮುಂದೆ, ಬೇಸಿಗೆಯಲ್ಲಿ ಎರಡೂವರೆ. ಲಂಡನ್ ಎರಡು ಗಂಟೆ ಹಿಂದೆ. ನ್ಯೂಯಾರ್ಕ್ ಏಳು. ಬೆಂಗಳೂರಿನ ತಂಡದೊಂದಿಗೆ ದುಡಿಯುವವರಿಗೆ ಮಧ್ಯಾಹ್ನ ಮೂರಕ್ಕೆಲ್ಲ ದಿನ ಮುಗಿಯುತ್ತದೆ, ನ್ಯೂಯಾರ್ಕಿನವರೊಂದಿಗಾದರೆ ಆಗ ಶುರುವಾಗುತ್ತದೆ.

ಮುಗಿದವರೂ ಶುರುಮಾಡುವವರೂ ಎದುರಾಗುವ ಜಾಗ ಕಪಾನಾ. ಮಸೀದಿಯ ಹಿಂದಿನ ಈ ಇಕ್ಕಟ್ಟಾದ ಓಣಿಗಳ ಹೆಸರಿನ ಅರ್ಥ ‘ಬೋನು’. ಒಳಹೊಕ್ಕವರಿಗೆ ಹೊರದಾರಿ ತಿಳಿಯದು ಎಂದು. ತುರ್ಕರ ಕಾಲದಿಂದ ಕಸುಬುದಾರರ ಕೇರಿ. ಓಣಿಗಳಿಗೆ ಈಗಲೂ ಕಬ್ಬಿಣದವರ ಬೀದಿ, ಅಕ್ಕಸಾಲಿಗರ ಬೀದಿ, ತುಪ್ಪಟದವರ ಬೀದಿ ಎಂಬರ್ಥದ ಹೆಸರುಗಳಿವೆ. ಪಾಳುಬಿದ್ದಿದ್ದ ಕೇರಿಯನ್ನು 2019ರ ಯೂರೋಪಿನ ಸಾಂಸ್ಕೃತಿಕ ರಾಜಧಾನಿ ಎಂಬ ಪಟ್ಟದ ತಯಾರಿಯಲ್ಲಿ ಕಲಾವಿದರಿಗೆ, ವಿನ್ಯಾಸಕಾರರಿಗೆ ಕೊಟ್ಟು ಎಬ್ಬಿಸಿದರು. ಆ ವರ್ಷದ ಪಟ್ಟ ಇಟಲಿಯ ಮತೇರಾ ಮತ್ತು ಪ್ಲೊವ್‌ದಿವ್‌ಗೆ ಸೇರಿ ಬಂದಿತ್ತು. ಆದರೆ ಎಬ್ಬಿಸಿದ ಕೇರಿಗೆ ಬಾಡಿಗೆಯೂ ಎದ್ದುನಿಲ್ಲುತ್ತದೆ. ಚರ್ಮದ ಕೆಲಸದವನ ಮಳಿಗೆಗಿಂತ ಬಿಯರಿನ ಮೇಜಿಗೆ ಆದಾಯ ಹೆಚ್ಚು. ಸಂಜೆ ಹೋದರೆ ಕಸುಬುದಾರರ ಬೀದಿಗಳಲ್ಲಿ ಕಾಣುವ ಕಸುಬು ಮುಖ್ಯವಾಗಿ ಬಡಿಸುವುದು.

ಈ ಊರಿನವರು ತಮ್ಮದೆಂದು ಹೇಳಿಕೊಳ್ಳುವ ಒಂದು ಪದವಿದೆ, ‘ಆಯ್ಲ್ಯಾಕ್’. ಮೂಲ ತುರ್ಕಿ. ಅವಸರವಿಲ್ಲದಿರುವುದು, ಒಂದು ಕಾಫಿಗೆ ಎರಡು ಗಂಟೆ ಕೂತೂ ಕಾಲ ಹಾಳಾಯಿತೆಂದುಕೊಳ್ಳದಿರುವುದು. ಸೋಮಾರಿತನ ಎಂದರೆ ಮುನಿಸಿಕೊಳ್ಳುತ್ತಾರೆ. ಕನ್ನಡದ ‘ಆರಾಮ’ ಇದಕ್ಕೆ ಹತ್ತಿರ, ವಿಶೇಷವಾಗಿ ಧಾರವಾಡದವರು ಹೇಳುವ ಆರಾಮ. ಹದಿನೈದು ನಿಮಿಷಕ್ಕೊಂದು ಮೀಟಿಂಗ್ ಇಟ್ಟುಕೊಂಡವರು ಪಕ್ಕದ ಮೇಜಿನ ಆಯ್ಲ್ಯಾಕನ್ನು ನೋಡಿ ಮೊದಲು ಹೊಟ್ಟೆಕಿಚ್ಚುಪಡುತ್ತಾರೆ, ಆಮೇಲೆ ವಿದ್ಯುತ್ ಕೆಲಸದವನಿಗಾಗಿ ಮೂರು ದಿನ ಕಾದಾಗ ಅದರ ಇನ್ನೊಂದು ಮುಖ ನೋಡುತ್ತಾರೆ.

ಊಟದ ವಿಷಯದಲ್ಲಿ ಮೊಸರನ್ನದ ನಾಡಿನವರು ಬೇರೆಲ್ಲರಿಗಿಂತ ಅದೃಷ್ಟವಂತರು. ಮೊಸರಿನ ಒಂದು ಬ್ಯಾಕ್ಟೀರಿಯಾಕ್ಕೆ ದೇಶದ ಹೆಸರೇ ಇದೆ. ಅದನ್ನು 1905ರಲ್ಲಿ ಗುರುತಿಸಿದ ಸ್ತಾಮೆನ್ ಗ್ರಿಗೊರೊವ್ ಬಲ್ಗೇರಿಯದವನೇ. ‘ಕಿಸೆಲೊ ಮ್ಲ್ಯಾಕೊ’, ಅಂದರೆ ಹುಳಿ ಹಾಲು, ಎಂದು ಕೇಳಿದರೆ ಗಟ್ಟಿ ಮೊಸರಿನ ಡಬ್ಬಿ ಸಿಗುತ್ತದೆ. ಬೇಸಿಗೆಯ ‘ತರಾತೊರ್’ ಎಂದರೆ ತೆಳ್ಳಗೆ ಮಾಡಿದ ಮೊಸರಿಗೆ ಸೌತೆಕಾಯಿ, ಬೆಳ್ಳುಳ್ಳಿ, ಸಬ್ಬಸಿಗೆ, ಅಕ್ರೋಟು ಹಾಕಿದ್ದು. ಒಂದು ಸಾಸಿವೆ ಒಗ್ಗರಣೆ ಬಿದ್ದರೆ ಮನೆಯದ್ದೇ. ಬೆಳಗಿನ ತಿಂಡಿ ‘ಬಾನಿತ್ಸ’, ತೆಳು ಹಾಳೆಗಳ ನಡುವೆ ಬಿಳಿ ಚೀಸ್ ತುಂಬಿದ ಎಣ್ಣೆಜಿಡ್ಡಿನ ಸುರುಳಿ. ಕೀಬೋರ್ಡಿನ ಹತ್ತಿರ ತಿನ್ನತಕ್ಕದ್ದಲ್ಲ.

ಭಾಷೆಗೆ ಸಿರಿಲಿಕ್ ಲಿಪಿ. ಎರಡು ವಾರದಲ್ಲಿ ಓದಲು ಬರುತ್ತದೆ. ‘ಆ ನಿರ್ದಿಷ್ಟ’ ಎಂಬ ಅರ್ಥದ ಗುರುತು ನಾಮಪದದ ಕೊನೆಗೆ ಅಂಟಿಕೊಳ್ಳುವುದು ಪ್ರತ್ಯಯಕ್ಕೆ ಪಳಗಿದ ಕನ್ನಡದ ಕಿವಿಗೆ ವಿಚಿತ್ರ ಎನಿಸುವುದಿಲ್ಲ. ತಲೆಯ ಭಾಷೆಯೇ ಕಷ್ಟ. ಬಲ್ಗೇರಿಯದವರು ಹೌದೆಂದಾಗ ತಲೆಯನ್ನು ಅತ್ತಿತ್ತ ಆಡಿಸುತ್ತಾರೆ, ಇಲ್ಲವೆಂದಾಗ ಮೇಲಕ್ಕೆತ್ತುತ್ತಾರೆ. ಯಾವುದಕ್ಕೂ ತಲೆಯನ್ನು ಓರೆಯಾಗಿ ತೂಗುವ ದಕ್ಷಿಣ ಭಾರತೀಯರೊಬ್ಬರು ಬಾನಿತ್ಸ ಅಂಗಡಿಯ ಮುಂದೆ ನಿಂತರೆ ಒಂದು ಕೇಳಿ ಎರಡು ಪಡೆಯುವುದು ಖಚಿತ.

ಕಾಗದಪತ್ರದ ವಿಷಯಕ್ಕೆ ಆಯ್ಲ್ಯಾಕ್ ಅನ್ವಯಿಸುವುದಿಲ್ಲ. ಬಲ್ಗೇರಿಯ 2024ರ ಮಾರ್ಚಿನಲ್ಲಿ ವಿಮಾನ ಮತ್ತು ಸಮುದ್ರ ಮಾರ್ಗಕ್ಕೂ, 2025ರ ಜನವರಿಯಲ್ಲಿ ಭೂಗಡಿಗೂ ಷೆಂಗೆನ್ ಒಳಗೆ ಬಂದಿದ್ದರಿಂದ, ಭಾರತದ ಪಾಸ್‌ಪೋರ್ಟಿನವರು ಪ್ರವಾಸಿ ವೀಸಾದಲ್ಲಿ 180 ದಿನಗಳ ಅವಧಿಯಲ್ಲಿ 90 ದಿನ ಮಾತ್ರ ಇರಬಹುದು. ಆ 90 ದಿನಕ್ಕೆ ಪ್ಯಾರಿಸ್ಸಿನಲ್ಲಿ ಕಳೆದ ವಾರವೂ ಸೇರುತ್ತದೆ. ಹೆಚ್ಚು ಕಾಲಕ್ಕೆ ‘ಡಿ’ ವರ್ಗದ ವೀಸಾ, ಆಮೇಲೆ ವಾಸದ ಪರವಾನಗಿ. ದೂರದಿಂದ ದುಡಿಯುವವರಿಗೆ ದಾರಿ ಮಾಡಲು ವಿದೇಶಿಯರ ಕಾಯ್ದೆಗೆ 2025ರಲ್ಲಿ ತಿದ್ದುಪಡಿಯೂ ಆಯಿತು. ಹನ್ನೆರಡು ತಿಂಗಳಲ್ಲಿ 183 ದಿನ ದಾಟಿದರೆ ತೆರಿಗೆ ಅಲ್ಲಿ. ವೈಯಕ್ತಿಕ ಆದಾಯ ತೆರಿಗೆ ಎಲ್ಲರಿಗೂ ಶೇ. 10, 2008ರಿಂದ. ಆ ಅಂಕಿಯ ಪಕ್ಕದಲ್ಲಿ ಸಾಮಾಜಿಕ ವಿಮೆಯ ಕಂತೂ ಇದೆ ಎಂಬುದನ್ನು ಜಾಹೀರಾತುಗಳು ಮೆಲ್ಲಗೆ ಹೇಳುತ್ತವೆ. ಬೆಂಗಳೂರಿನ ಕಂಪನಿಯ ನೌಕರರಾದರೆ ಕಂಪನಿಯ ಒಪ್ಪಿಗೆ ಬೇಕೇ ಬೇಕು. ಲ್ಯಾಪ್‌ಟಾಪ್ ಯಾವ ದೇಶದಲ್ಲಿ ತೆರೆದುಕೊಂಡಿತು ಎಂಬುದು ಕಂಪನಿಯ ಸರ್ವರಿಗೆ ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ.

ಉಳಿದದ್ದು ಹವೆ. ಜುಲೈ ಮಧ್ಯಾಹ್ನ ಬಯಲಿನ ಬಿಸಿಲು 35 ಡಿಗ್ರಿ ದಾಟುತ್ತದೆ, ಪನೆಲ್ಕದ ಕಾಂಕ್ರೀಟು ಕಾದ ಕಾವಲಿ. ಚಳಿಗಾಲ ಇನ್ನೂ ಕಠಿಣ, ಹಿಮಕ್ಕಿಂತ ಹೊಗೆಯ ಕಾರಣಕ್ಕೆ. ಅನೇಕ ಮನೆಗಳಲ್ಲಿ ಇಂದಿಗೂ ಸೌದೆ, ಕಲ್ಲಿದ್ದಲಿನ ಒಲೆ. ಗಾಳಿಯಾಡದ ಬಯಲಿನಲ್ಲಿ ಆ ಹೊಗೆ ಮಂಜಿನೊಂದಿಗೆ ಬೆರೆತು ನೆಲಕ್ಕೇ ಕೂರುತ್ತದೆ. ಗಾಳಿಯಲ್ಲಿನ ದೂಳಿನ ಮಿತಿಯನ್ನು ಕಾಯಲಿಲ್ಲವೆಂದು ಯೂರೋಪಿನ ನ್ಯಾಯಾಲಯ 2017ರಲ್ಲಿ ಬಲ್ಗೇರಿಯದ ವಿರುದ್ಧ ತೀರ್ಪು ಕೊಟ್ಟಿತ್ತು. ಜನವರಿಯಲ್ಲಿ ಬಟ್ಟೆ ಒಣಹಾಕಿದವರಿಗೆ ತೀರ್ಪು ಓದುವ ಅಗತ್ಯವಿಲ್ಲ, ಅಂಗಿ ಮೂಸಿದರೆ ಸಾಕು.

ಮಾರ್ಚ್ 1ರಂದು ಊರೆಲ್ಲ ಕೈಗೆ ಕೆಂಪು ಬಿಳಿ ದಾರದ ‘ಮಾರ್ತೆನಿತ್ಸ’ ಕಟ್ಟಿಕೊಳ್ಳುತ್ತದೆ. ಮೊದಲ ಕೊಕ್ಕರೆ ಕಂಡಾಗ, ಇಲ್ಲವೆ ಮೊದಲ ಹೂಬಿಟ್ಟ ಮರ ಕಂಡಾಗ ಅದನ್ನು ಬಿಚ್ಚಿ ಕೊಂಬೆಗೆ ಕಟ್ಟುತ್ತಾರೆ. ಅದೇ ತಿಂಗಳ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಚಳಿಗಾಲವಿಡೀ ಬೆಳಗಿನ ಆರು ಗಂಟೆಯ ಕತ್ತಲಲ್ಲಿ ಕಂಬಳಿ ಹೊದ್ದು ಹಾಜರಾಗಬೇಕಿದ್ದ ಬೆಂಗಳೂರಿನ ಒಂಬತ್ತೂವರೆಯ ಮೀಟಿಂಗು, ಸೋಮವಾರದಿಂದ ಏಳಕ್ಕೆ.